ಒಂದು ಡಾಲರ್ ಮಿತಿಯ ಸರ್ಕಾರಿ ಕಾರ್ಡು

ಸರ್ಕಾರಿ ಕೆಲಸದಲ್ಲಿರುವವರಿಗೆ ಸರ್ಕಾರವೇ ಕ್ರೆಡಿಟ್ ಕಾರ್ಡ್ ಕೊಡುತ್ತೆ ಅಂದರೆ ಊರಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: 'ಹಾಗಾದ್ರೆ ಅದರಲ್ಲಿ ಚಿನ್ನ ತಗೋಬಹುದಾ?' ತಗೋಬಹುದು ಅಂದುಕೊಂಡವರು ಅಮೆರಿಕದಲ್ಲೂ ಇದ್ದರು. ಜೈಲಿಗೂ ಹೋದರು. ಆ ಕಥೆ ಆಮೇಲೆ.

ನಾನು ಅಮೆರಿಕದ ಫೆಡರಲ್ ಸರ್ಕಾರದ ಒಂದು ಸಂಶೋಧನಾ ಲ್ಯಾಬಿನಲ್ಲಿದ್ದೇನೆ. ವಿಜ್ಞಾನಿ ಅಲ್ಲ. ಕೈಗವಸಿನಿಂದ ಹಿಡಿದು ಫ್ರೀಜರ್ ಬಾಗಿಲಿನ ರಬ್ಬರಿನ ತನಕ ಲ್ಯಾಬಿಗೆ ಏನೇನು ಬೇಕೋ ಅದನ್ನೆಲ್ಲ ತರಿಸಿಕೊಡುವುದು ನನ್ನ ಕೆಲಸ. ಅದಕ್ಕೆಂದೇ ನನ್ನ ಹೆಸರಿನಲ್ಲಿ ಒಂದು ಪರ್ಚೇಸ್ ಕಾರ್ಡ್ ಇದೆ. 2025ರಲ್ಲಿ ಈ ಕಾರ್ಡುಗಳು ದೊಡ್ಡ ಸುದ್ದಿಯಾದವು. ಕಾರ್ಡ್ ಇಟ್ಟುಕೊಂಡವರೆಲ್ಲ ಜನರ ದುಡ್ಡಲ್ಲಿ ಮಜಾ ಮಾಡುತ್ತಿದ್ದಾರೆ ಅನ್ನೋ ಹಾಗೆ ಮಾತು ಎದ್ದಿತು. ಕಾರ್ಡ್ ಉಜ್ಜುವವರ ಕಡೆಯಿಂದ ಇದು ಹೇಗೆ ಕಾಣುತ್ತೆ, ಲೆಕ್ಕ ಯಾರು ಕೇಳುತ್ತಾರೆ, ಏನಂತ ಕೇಳುತ್ತಾರೆ ಅನ್ನೋದನ್ನು ಬರೆಯೋಣ ಅನಿಸಿತು.

ಈ ಯೋಜನೆಯ ಹೆಸರು ಸ್ಮಾರ್ಟ್‌ಪೇ. 1998ರಿಂದ ನಡೆಯುತ್ತಿದೆ. ಈಗ ಕಾರ್ಡ್ ಕೊಡುವ ಬ್ಯಾಂಕುಗಳು ಎರಡು, ಸಿಟಿಬ್ಯಾಂಕ್ ಮತ್ತು ಯುಎಸ್ ಬ್ಯಾಂಕ್. ಕಾರ್ಡುಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಪ್ರವಾಸದ ಕಾರ್ಡಿನ ಬಿಲ್ ಸಾಮಾನ್ಯವಾಗಿ ನೌಕರನ ಹೆಸರಿಗೇ ಬರುತ್ತೆ. ಅವನು ಭತ್ಯೆ ಕ್ಲೇಮ್ ಮಾಡಿ ಬ್ಯಾಂಕಿಗೆ ಕಟ್ಟಬೇಕು. ಇನ್ನೊಂದು ವಾಹನದ ಕಾರ್ಡ್. ಅದು ಇರೋದು ಕಾರಿನ ಹೆಸರಲ್ಲಿ, ಮನುಷ್ಯರ ಹೆಸರಲ್ಲಿ ಅಲ್ಲ. ಪೆಟ್ರೋಲ್, ರಿಪೇರಿ, ಅಷ್ಟೇ. ಮೂರನೆಯದು ನನ್ನ ಹತ್ತಿರ ಇರುವ ಪರ್ಚೇಸ್ ಕಾರ್ಡ್. ಇದರ ಬಿಲ್ ನೇರವಾಗಿ ಸರ್ಕಾರವೇ ಕಟ್ಟುತ್ತೆ.

ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಎಫ್‌ಡಿಎ ಆಗಿದ್ದು ರಿಟೈರ್ ಆದವರು. ಕಾರ್ಡಿನ ವಿಷಯ ಫೋನಿನಲ್ಲಿ ಹೇಳಿದಾಗ ಅವರಿಗೆ ಚಿನ್ನ ಗಿನ್ನ ತಲೆಗೆ ಹೋಗಲಿಲ್ಲ. 'ಅಂದ್ರೆ ಮೊದ್ಲು ದುಡ್ಡು ಹೋಗ್ಬಿಡುತ್ತೆ, ಆಮೇಲೆ ಬಿಲ್ ಪಾಸ್ ಮಾಡ್ತೀರಾ? ಖಜಾನೆಯವ್ರು ಆಬ್ಜೆಕ್ಷನ್ ಹಾಕಲ್ವೇನಮ್ಮ?' ಅಂದರು. ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದರು. ಅವರು ಇಡೀ ಸರ್ವೀಸು ಕಂಡಿದ್ದು ವೋಚರ್, ಮಂಜೂರಾತಿ, ಡಿಡಿಓ ಸಹಿ, ಆಮೇಲೆ ಖಜಾನೆ. ದುಡ್ಡು ಕೊನೆಗೆ. ಇಲ್ಲಿ ದುಡ್ಡು ಮುಂದೆ ಓಡುತ್ತೆ, ಕಾಗದ ಹಿಂದಿನಿಂದ ಓಡಿಬರಬೇಕು. ಆ ಕಾಗದವನ್ನು ಓಡಿಸುವುದೇ ನನ್ನ ಅರ್ಧ ಕೆಲಸ.

ಕಾರ್ಡ್ ಸುಮ್ನೆ ಕೈಗೆ ಬರಲ್ಲ. ಮೊದಲು ಆನ್‌ಲೈನ್ ತರಬೇತಿ, ಅದರ ಕೊನೆಗೆ ಪರೀಕ್ಷೆ. ಆಮೇಲೆ ನಿಮಗೆ ಸರ್ಕಾರದ ಪರವಾಗಿ ಕೊಳ್ಳುವ ಅಧಿಕಾರ ಕೊಟ್ಟಿದ್ದೇವೆ ಅನ್ನೋ ಪತ್ರ. ಅದರಲ್ಲಿ ಎರಡು ಅಂಕಿ ಬರೆದಿರುತ್ತೆ. ಒಂದು ಸಲಕ್ಕೆ ಎಷ್ಟು, ಒಂದು ತಿಂಗಳಿಗೆ ಎಷ್ಟು. ಟೆಂಡರ್, ಕೊಟೇಶನ್ ಇಲ್ಲದೆ ಕೊಳ್ಳಬಹುದಾದ ಸಣ್ಣ ಖರೀದಿಗೆ ಮೈಕ್ರೋ ಪರ್ಚೇಸ್ ಅಂತಾರೆ. ನಾನು ಕಾರ್ಡ್ ತಗೊಂಡಾಗ ಸಾಮಾನಿಗೆ ಅದರ ಮಿತಿ 10,000 ಡಾಲರ್. ಸೇವೆಗಳಿಗೆ ಬಹುತೇಕ 2,500. ಕಟ್ಟಡದ ಕೆಲಸಕ್ಕೆ 2,000. ಬಣ್ಣ ಹೊಡೆಸುವುದು ಕಟ್ಟಡದ ಕೆಲಸದ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಬಣ್ಣದ ಡಬ್ಬ ತಂದರೆ ಒಂದು ಮಿತಿ, ಅದೇ ಬಣ್ಣವನ್ನು ಗೋಡೆಗೆ ಹೊಡೆಸಿದರೆ ಇನ್ನೊಂದು. ತರಬೇತಿಯಲ್ಲಿ ಹೆಚ್ಚು ಜನ ಎಡವುವ ಪ್ರಶ್ನೆ ಇದೇ.

ಒಂದು ಸಾಮಾನು ಕೊಳ್ಳುವುದು ಅಂದರೆ ಏನು ಅಂತ ಹೇಳುತ್ತೇನೆ. ವಿಜ್ಞಾನಿಯೊಬ್ಬರಿಗೆ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಬೇಕು ಅಂತಿಟ್ಟುಕೊಳ್ಳಿ. ಅವರು ಮೇಲ್ ಹಾಕಬೇಕು, ಯಾಕೆ ಬೇಕು ಅಂತ ಬರೆಯಬೇಕು. ಬಜೆಟ್ ನೋಡುವವರು ದುಡ್ಡಿದೆ ಅನ್ನಬೇಕು. ನನ್ನ ಮೇಲಿರುವ ಅಪ್ರೂವಿಂಗ್ ಅಧಿಕಾರಿ ಹೂಂ ಅನ್ನಬೇಕು. ಇಷ್ಟೂ ಕೊಳ್ಳುವುದಕ್ಕೆ ಮೊದಲು. ತಾರೀಕು ಹಿಂದೆಮುಂದೆ ಆದರೆ ಆಡಿಟ್‌ನಲ್ಲಿ ಅದೇ ಮೊದಲು ಕಣ್ಣಿಗೆ ಬೀಳೋದು.

ಆಮೇಲೆ ಎಲ್ಲಿಂದ ಕೊಳ್ಳಬೇಕು ಅನ್ನೋ ಪ್ರಶ್ನೆ. ಸಿಕ್ಕಿದ ಅಂಗಡಿಗೆ ಹೋಗುವ ಹಾಗಿಲ್ಲ. ಕೆಲವು ಸಾಮಾನನ್ನು ಕಣ್ಣು ಕಾಣದವರು, ಅಂಗವಿಕಲರು ಕೆಲಸ ಮಾಡುವ ಸಂಸ್ಥೆಗಳಿಂದಲೇ ಮೊದಲು ಕೊಳ್ಳಬೇಕು. ಅದಕ್ಕೆ ಎಬಿಲಿಟಿಒನ್ ಅಂತ ಹೆಸರು. ನಮ್ಮ ಕಚೇರಿಯ ಕಪ್ಪು ಪೆನ್ನುಗಳೆಲ್ಲ ಹಾಗೆ ಬಂದ ಸ್ಕಿಲ್‌ಕ್ರಾಫ್ಟ್ ಪೆನ್ನುಗಳು. 1952ರಿಂದ ಸರ್ಕಾರಕ್ಕೆ ಅವೇ. ಮೇಲೆ 'ಯು.ಎಸ್. ಗವರ್ನಮೆಂಟ್' ಅಂತ ಅಚ್ಚು ಹಾಕಿರುತ್ತಾರೆ. ನನಗೆ ಈ ನಿಯಮ ಬಹಳ ಇಷ್ಟ. ಪೆನ್ನೂ ಚೆನ್ನಾಗಿದೆ.

ಇನ್ನೊಂದು ನಿಯಮ ಅಷ್ಟು ಇಷ್ಟವಿಲ್ಲ. ಅದು ಸೆಕ್ಷನ್ 889. ಹುವಾವೇ, ಝಡ್‌ಟಿಇ, ಹೈಕ್‌ವಿಷನ್, ದಾಹುವಾ, ಹೈಟೆರಾ ಅನ್ನೋ ಚೀನಾ ಕಂಪನಿಗಳ ಕ್ಯಾಮೆರಾ, ಸಂಪರ್ಕ ಉಪಕರಣ ಕೊಳ್ಳಬಾರದು ಅನ್ನೋದು ಅರ್ಥವಾಗುತ್ತೆ. ಆದರೆ 2020ರ ಆಗಸ್ಟಿನಿಂದ, ಅಂಥ ಉಪಕರಣವನ್ನು ತಾನೇ ಬಳಸುವ ಮಾರಾಟಗಾರನ ಹತ್ತಿರವೂ ಕೊಳ್ಳಬಾರದು. ನಾನು ಕೊಳ್ಳುತ್ತಿರೋದು ಟ್ಯೂಬ್. ಆದರೂ ಆ ಟ್ಯೂಬ್ ಮಾರುವವನ ಗೋಡೌನಿನಲ್ಲಿ ಯಾವ ಕಂಪನಿಯ ಕ್ಯಾಮೆರಾ ಇದೆ ಅಂತ ಅವನಿಂದ ಬರೆಸಿಕೊಂಡ ಹೇಳಿಕೆ ಫೈಲಿನಲ್ಲಿರಬೇಕು. ದೊಡ್ಡ ಕಂಪನಿಗಳದ್ದು ಸರ್ಕಾರಿ ದಾಖಲೆಯಲ್ಲೇ ಸಿಗುತ್ತೆ. ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯವನನ್ನು ಕೇಳಿ ನೋಡಿ, ಗೊತ್ತಾಗುತ್ತೆ.

ಅದೇ ಹಾರ್ಡ್‌ವೇರ್ ಅಂಗಡಿಯಲ್ಲಿ ತೆರಿಗೆಯ ರಗಳೆ ಬೇರೆ. ಫೆಡರಲ್ ಪರ್ಚೇಸ್ ಕಾರ್ಡಿಗೆ ರಾಜ್ಯದ ಸೇಲ್ಸ್ ಟ್ಯಾಕ್ಸ್ ಇಲ್ಲ. ಆ ವಿಷಯ ಕಾರ್ಡಿಗೆ ಗೊತ್ತು, ನನಗೆ ಗೊತ್ತು, ಕೌಂಟರಿನಲ್ಲಿರುವ ಹುಡುಗಿಗೆ ಗೊತ್ತಿಲ್ಲ. ಒಂದು ಸಲ ಪೈಪಿನ ಕ್ಲಾಂಪ್ ತರೋಕೆ ಹೋದೆ. ಅವಳು ಮೆಷಿನ್ನಿನಲ್ಲಿ ಟ್ಯಾಕ್ಸ್ ತೆಗೆಯೋದು ಹೇಗೆ ಅಂತ ಹುಡುಕುತ್ತಾ ನಿಂತಳು. ಮ್ಯಾನೇಜರ್ ಬಂದ. ಅವನು ಒಂದು ಉದ್ದನೆಯ ಫಾರಂ ತಂದ. ಹಿಂದೆ ಸಾಲು ಬೆಳೆಯುತ್ತಾ ಹೋಯಿತು. ಹಿಂದಿದ್ದ ಅಜ್ಜ, 'ಎಷ್ಟಮ್ಮ ಆ ಟ್ಯಾಕ್ಸು? ನಾನೇ ಕೊಡ್ತೀನಿ ಬಿಡು' ಅಂದರು. ಒಂದು ಡಾಲರೂ ಇರಲಿಲ್ಲ. ಆದರೆ ಅಜ್ಜ ಕೊಡುವ ಹಾಗಿಲ್ಲ, ನಾನು ಕೊಡುವ ಹಾಗಿಲ್ಲ. ಟ್ಯಾಕ್ಸ್ ಬಿದ್ದಿತೋ, ತೆಗೆಸೋಕೆ ಏನು ಪ್ರಯತ್ನ ಮಾಡಿದೆ ಅಂತ ಟಿಪ್ಪಣಿ ಬರೆದು ಫೈಲಿಗೆ ಹಾಕಬೇಕು. ಆ ಟಿಪ್ಪಣಿ ಬರೆಯುವ ಹೊತ್ತಿಗೆ ನನ್ನ ಸಂಬಳದ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಖರ್ಚಾಗಿರುತ್ತೆ, ಬಿಡಿ.

ಸಾಮಾನು ಬಂದ ಮೇಲೆ ಆಗುವ ಕೆಲಸ ನೋಡೋಕೆ ಬಹಳ ಸಣ್ಣದು. ಡಬ್ಬ ನಾನು ತೆಗೆಯುವ ಹಾಗಿಲ್ಲ. ಅಂದರೆ ತೆಗೆಯಬಹುದು, ಆದರೆ ಬಂದಿದೆ ಅಂತ ಸಹಿ ಹಾಕುವುದು ಬೇರೆಯವರು. ಕೇಳಿದವರು ಒಬ್ಬರು, ಕೊಂಡವರು ಇನ್ನೊಬ್ಬರು, ಒಪ್ಪಿದವರು ಮತ್ತೊಬ್ಬರು, ಎಣಿಸಿಕೊಂಡವರು ಮಗದೊಬ್ಬರು. ಡಬ್ಬದೊಳಗೆ ಒಂದು ತೆಳ್ಳನೆಯ ಪ್ಯಾಕಿಂಗ್ ಸ್ಲಿಪ್ ಇರುತ್ತೆ, ಎಲ್ಲರೂ ಕಸಕ್ಕೆ ಹಾಕುವಂಥದ್ದು. ನಮ್ಮಲ್ಲಿ ಆ ಸ್ಲಿಪ್ಪಿನ ಮೇಲೆ ಸಹೋದ್ಯೋಗಿ ಪ್ರತಿ ಸಾಲಿಗೂ ಟಿಕ್ ಹಾಕಿ, ತಾರೀಕು ಬರೆದು, ಸಹಿ ಮಾಡಿ ನನ್ನ ಟ್ರೇಗೆ ಹಾಕುತ್ತಾರೆ. ಆ ಚೀಟಿಗಳನ್ನು ವರ್ಷಗಟ್ಟಲೆ ಕಾಪಾಡಿ ಇಡುತ್ತೇವೆ.

ಆ ಚೀಟಿಯ ಬೆಲೆ ನನಗೆ ಗೊತ್ತಾಗಿದ್ದು ಒಂದು ಪ್ರಶ್ನೆ ಬಂದಾಗ. ಒಂದು ದಿನ ಕಾರ್ಡುಗಳ ಉಸ್ತುವಾರಿ ನೋಡುವವರಿಂದ ಮೇಲ್ ಬಂತು. ಒಂದೇ ವಾರದಲ್ಲಿ ಒಂದೇ ಕಂಪನಿಗೆ ಎರಡು ಸಲ ದೊಡ್ಡ ಮೊತ್ತ ಹೋಗಿದೆ, ವಿವರಣೆ ಕೊಡಿ ಅಂತ. ಅವರ ಅನುಮಾನ ಏನು ಅಂತ ತಕ್ಷಣ ಹೊಳೆಯಿತು. ಮಿತಿ ದಾಟುವ ಖರೀದಿಯನ್ನು ಎರಡು ತುಂಡು ಮಾಡಿ ಮಿತಿಯೊಳಗೆ ತೂರಿಸುವುದು ಈ ಲೋಕದ ಅತಿ ಹಳೆಯ ಆಟ. ಕರ್ನಾಟಕದ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ತುಂಡು ಗುತ್ತಿಗೆ ಅಂದರೆ ವಿವರಿಸಬೇಕಾಗಿಲ್ಲ. ಮೇಲ್ ನೋಡಿ ಎದೆ ಧಸಕ್ಕೆಂದಿತು. ತಪ್ಪು ಮಾಡಿಲ್ಲ ಅಂತ ಗೊತ್ತಿದ್ದರೂ ಅದೊಂಥರಾ ಭಯ.

ಆಗಿದ್ದು ಇಷ್ಟೇ. ನಾನು ಹಾಕಿದ್ದು ಒಂದೇ ಆರ್ಡರ್, ಮೊತ್ತವೂ ಮಿತಿಯೊಳಗೇ ಇತ್ತು. ಕಂಪನಿಯವರು ಅರ್ಧ ಸಾಮಾನು ಮೊದಲು ಕಳಿಸಿದರು, ಉಳಿದದ್ದು ಸ್ಟಾಕ್ ಬಂದ ಮೇಲೆ. ಸಾಮಾನು ಹೊರಡುವಾಗಲೇ ಕಾರ್ಡಿಗೆ ಚಾರ್ಜ್ ಹಾಕುವುದು ಅವರ ಪದ್ಧತಿ. ಹಾಗಾಗಿ ಬ್ಯಾಂಕಿನ ಪಟ್ಟಿಯಲ್ಲಿ ಎರಡು ಸಾಲು. ಎರಡೂ ಪ್ಯಾಕಿಂಗ್ ಸ್ಲಿಪ್‌ನಲ್ಲಿ ಒಂದೇ ಆರ್ಡರ್ ನಂಬರ್ ಇತ್ತು, ಎರಡರಲ್ಲೂ ಸಹೋದ್ಯೋಗಿಯ ಟಿಕ್ ಇತ್ತು. ಸ್ಕ್ಯಾನ್ ಮಾಡಿ ಕಳಿಸಿದೆ. ಸಂಜೆಯೊಳಗೆ 'ಮುಗಿಯಿತು' ಅಂತ ಒಂದು ಸಾಲಿನ ಉತ್ತರ ಬಂತು. ನನಗೆ ಆವತ್ತು ಸಿಟ್ಟು ಬರಲಿಲ್ಲ. ಕೇಳಬೇಕಾದ್ದನ್ನೇ ಕೇಳಿದ್ದರು, ಉತ್ತರ ಕೊಡುವ ಸಾಮಗ್ರಿ ನನ್ನ ಹತ್ತಿರ ಇತ್ತು. ಲೆಕ್ಕ ಕೇಳೋದು ಅಂದರೆ ಹೀಗಿರಬೇಕು.

ಈಗ ಜೈಲಿನ ಕಥೆ. ನಮ್ಮ ಸಿಎಜಿ ಇರುವ ಹಾಗೆ ಅಲ್ಲಿ ಜಿಎಓ ಇದೆ, ಅಮೆರಿಕನ್ ಕಾಂಗ್ರೆಸ್ ಪರವಾಗಿ ಸರ್ಕಾರದ ಖರ್ಚು ನೋಡುವ ಸಂಸ್ಥೆ. 2008ರಲ್ಲಿ ಅದು ಪರ್ಚೇಸ್ ಕಾರ್ಡುಗಳ ಬಗ್ಗೆ ಒಂದು ವರದಿ ಕೊಟ್ಟಿತು. ಅದರ ಅಂದಾಜಿನಲ್ಲಿ ಖರೀದಿಗಳಲ್ಲಿ ಶೇ 41ರಷ್ಟಕ್ಕೆ ಸರಿಯಾದ ಅನುಮತಿ ಇರಲಿಲ್ಲ ಅಥವಾ ಸಾಮಾನನ್ನು ಬೇರೊಬ್ಬರು ನೋಡಿ ತೆಗೆದುಕೊಂಡ ದಾಖಲೆ ಇರಲಿಲ್ಲ. ಅಂದರೆ ಅದೇ ಚೀಟಿ ಇರಲಿಲ್ಲ! ಅರಣ್ಯ ಇಲಾಖೆಯ ಒಬ್ಬ ಮಹಿಳೆ ಕಾರ್ಡ್ ಖಾತೆಯ ಚೆಕ್‌ಗಳನ್ನು ಆರು ವರ್ಷ ತನ್ನ ಜೊತೆ ವಾಸವಿದ್ದ ಗೆಳೆಯನ ಹೆಸರಿಗೆ ಬರೆದಿದ್ದಳು. ಒಟ್ಟು 6,42,000 ಡಾಲರಿಗಿಂತ ಜಾಸ್ತಿ. ಜೂಜಿಗೆ, ಕಾರಿಗೆ, ಮನೆ ಸಾಲಕ್ಕೆ ಹೋಯಿತು. ಅವಳಿಗೆ 21 ತಿಂಗಳು ಜೈಲು, ದುಡ್ಡು ಪೂರ್ತಿ ವಾಪಸ್ ಕಟ್ಟುವ ಆದೇಶ. ಆರು ವರ್ಷ ಯಾರೂ 'ಈ ಚೆಕ್ಕಿಗೆ ಏನು ಬಂತು, ತೋರಿಸು' ಅನ್ನಲಿಲ್ಲ ಅನ್ನೋದೇ ನನಗೆ ಆಶ್ಚರ್ಯ. 2012ರಲ್ಲಿ ಕಾರ್ಡ್ ದುರುಪಯೋಗ ತಡೆಯಲು ಪ್ರತ್ಯೇಕ ಕಾನೂನೇ ಬಂತು. ನಾವು ಇವತ್ತು ತುಂಬುವ ಕಾಗದಗಳ ಹಿಂದೆ ಇಂಥ ಕಥೆಗಳಿವೆ. ಹಾಗಾಗಿ ನಿಯಮ ಜಾಸ್ತಿ ಅಂತ ನಾನು ಗೊಣಗಿದರೂ ಬೇಡ ಅನ್ನಲ್ಲ.

2025ರ ಫೆಬ್ರವರಿಗೆ ಬರೋಣ. ಸರ್ಕಾರದ ಖರ್ಚು ಕಡಿಮೆ ಮಾಡಲು ಹೊಸದಾಗಿ ಬಂದ ಡೋಜ್ ತಂಡ ಒಂದು ಲೆಕ್ಕ ಹಾಕಿತು. 46 ಲಕ್ಷ ಕಾರ್ಡು ಮತ್ತು ಖಾತೆ, ಒಂದು ಆರ್ಥಿಕ ವರ್ಷದಲ್ಲಿ 9 ಕೋಟಿಯಷ್ಟು ವಹಿವಾಟು, ಸುಮಾರು 4,000 ಕೋಟಿ ಡಾಲರ್ ಖರ್ಚು. ನೌಕರರಿಗಿಂತ ಕಾರ್ಡೇ ಜಾಸ್ತಿ ಅಂತ ಜನ ನಕ್ಕರು. ಆದರೆ ಆ ಲೆಕ್ಕದೊಳಗೆ ಕಾರಿನ ಹೆಸರಲ್ಲಿರುವ ಕಾರ್ಡೂ ಸೇರಿವೆ, ಸೈನಿಕರ ಪ್ರವಾಸದ ಕಾರ್ಡೂ ಸೇರಿವೆ, ಕಾರ್ಡೇ ಇಲ್ಲದೆ ಬರೀ ನಂಬರ್ ಇರುವ ಖಾತೆಗಳೂ ಸೇರಿವೆ. ಹಾಗಂತ ಎಲ್ಲ ಸರಿಯಿತ್ತು ಅನ್ನಲಾರೆ. ಯಾರೂ ಬಳಸದೆ ಡ್ರಾಯರಿನಲ್ಲಿ ಬಿದ್ದಿದ್ದ ಕಾರ್ಡುಗಳನ್ನು ನಾನೇ ಕಂಡಿದ್ದೇನೆ. ಅವನ್ನು ರದ್ದು ಮಾಡಿದ್ದು ಒಳ್ಳೆಯ ಕೆಲಸ.

ಆ ತಿಂಗಳ 26ರಂದು ಅಧ್ಯಕ್ಷರ ಆದೇಶ ಹೊರಬಿತ್ತು. ನೌಕರರ ಕೈಯಲ್ಲಿರುವ ಬಹುತೇಕ ಎಲ್ಲ ಕಾರ್ಡೂ 30 ದಿನ ಸ್ತಬ್ಧ. ಪ್ರಕೃತಿ ವಿಕೋಪದ ಕೆಲಸಕ್ಕೆ ಮತ್ತು ಇಲಾಖೆಯ ಮುಖ್ಯಸ್ಥರು ತೀರಾ ಅಗತ್ಯ ಅಂದ ಕೆಲಸಕ್ಕೆ ವಿನಾಯಿತಿ. ಬಹಳ ಕಡೆ ಮಾಡಿದ್ದೇನೆಂದರೆ ಕಾರ್ಡಿನ ಮಿತಿಯನ್ನು ಒಂದು ಡಾಲರಿಗೆ ಇಳಿಸಿಬಿಟ್ಟರು. ನನ್ನದೂ ಇಳಿಯಿತು. ಖಾತೆ ತೆರೆದು ನೋಡಿದರೆ ತಿಂಗಳ ಮಿತಿ: 1.00. ಆ ಎರಡು ಸೊನ್ನೆ ಯಾಕೋ ಗೊತ್ತಿಲ್ಲ.

ನಮ್ಮ ಲ್ಯಾಬಿನಲ್ಲಿ ದ್ರವ ಸಾರಜನಕದ ದೊಡ್ಡ ಹಂಡೆಗಳಿವೆ. ಮೈನಸ್ 196 ಡಿಗ್ರಿಯ ಆ ದ್ರವದಲ್ಲಿ ಹಳೆಯ ಮಾದರಿಗಳನ್ನು ಮುಳುಗಿಸಿ ಇಟ್ಟಿರುತ್ತಾರೆ. ಕೆಲವು ನಾನು ಕೆಲಸಕ್ಕೆ ಸೇರುವುದಕ್ಕೂ ಹಿಂದಿನವು. ಮುಚ್ಚಳ ಹಾಕಿದ್ದರೂ ದ್ರವ ಆವಿಯಾಗುತ್ತಲೇ ಇರುತ್ತೆ, ಆಗಾಗ ತುಂಬಿಸಬೇಕು. ಎಷ್ಟಿದೆ ಅಂತ ನೋಡೋದು ತುಂಬಾ ಹಳೇ ವಿಧಾನದಲ್ಲಿ. ಉದ್ದನೆಯ ಕಡ್ಡಿಯನ್ನು ತಳದ ತನಕ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಎತ್ತಿ ಗಾಳಿಯಲ್ಲಿ ಆಡಿಸುವುದು. ದ್ರವ ಮುಟ್ಟಿದಲ್ಲಿಯವರೆಗೆ ಬಿಳಿ ಮಂಜು ಕಟ್ಟುತ್ತೆ. ಅದನ್ನು ಸ್ಕೇಲಿನಿಂದ ಅಳೆದು ಗೋಡೆಯ ಪಟ್ಟಿಯಲ್ಲಿ ಬರೆಯಬೇಕು. ಆ ಪಟ್ಟಿಯ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಗ್ಯಾಸ್ ಕಂಪನಿಯ ಹೆಂಗಸು ಫೋನಿನಲ್ಲಿ, 'ನಿಮ್ಮ ಕಾರ್ಡ್ ಹೋಗ್ತಾ ಇಲ್ಲ, ಬೇರೆ ಕಾರ್ಡ್ ಇದೆಯಾ?' ಅಂದರು. ಇದೆ, ನನ್ನ ಸ್ವಂತದ್ದು. ಆದರೆ ನಾನೇ ಕೊಟ್ಟು ತರಿಸಿಬಿಡ್ತೀನಿ ಅನ್ನುವ ಹಾಗಿಲ್ಲ. ಅಧಿಕಾರ ಇಲ್ಲದೆ ಸರ್ಕಾರದ ಪರವಾಗಿ ಕೊಂಡ ಹಾಗಾಗುತ್ತೆ, ದುಡ್ಡು ವಾಪಸ್ ಬರುವ ಖಾತ್ರಿಯೂ ಇಲ್ಲ. ಪಕ್ಕದ ವಿಶ್ವವಿದ್ಯಾಲಯದವರು ಸುಮ್ನೆ ಕೊಡ್ತೀವಿ ಅಂದರು. ಅದೂ ಆಗಲ್ಲ. ಸರ್ಕಾರ ದಾನ ತೆಗೆದುಕೊಳ್ಳೋಕೆ ಬೇರೆ ನಿಯಮ.

ವಿನಾಯಿತಿಗೆ ಅರ್ಜಿ ಹಾಕಿದೆವು. ಯಾವ ಸಾಮಾನು, ಇಲ್ಲದಿದ್ದರೆ ಏನಾಗುತ್ತೆ, ಯಾವಾಗ ಆಗುತ್ತೆ. ಕಡ್ಡಿಯ ಅಳತೆಯ ಪಟ್ಟಿಯ ಫೋಟೋ ತೆಗೆದು ಲಗತ್ತಿಸಿದೆ. ಅರ್ಜಿ ಮೇಲೆ ಹೋಯಿತು. ಅಲ್ಲಿಂದ ಇನ್ನೂ ಮೇಲೆ. ಕೊನೆಗೆ ಒಪ್ಪಿಗೆ ಬಂತು, ಆದರೆ ನನ್ನ ಕಾರ್ಡಿಗಲ್ಲ. ದೂರದ ಇನ್ನೊಂದು ಊರಿನ ಕಚೇರಿಯಲ್ಲಿ ಜೀವಂತ ಉಳಿಸಿದ್ದ ಕೆಲವೇ ಕಾರ್ಡುಗಳಲ್ಲಿ ಒಂದರ ಮೂಲಕ ಕೊಳ್ಳಬೇಕು ಅಂತ.

ಆ ಕಾರ್ಡಿನವರು ಒಳ್ಳೆಯ ಮನುಷ್ಯ. ಪಾಪ, ಎಷ್ಟೋ ಲ್ಯಾಬುಗಳ ಖರೀದಿ ಅವರೊಬ್ಬರ ತಲೆ ಮೇಲೆ ಬಿದ್ದಿತ್ತು. ನಾನು ಪಟ್ಟಿ ಕಳಿಸುತ್ತಿದ್ದೆ, ಅವರು ಅದನ್ನು ನೋಡಿಕೊಂಡು ಆರ್ಡರ್ ಹಾಕುತ್ತಿದ್ದರು. ಒಂದು ಸಲ ನಾನು ಕೇಳಿದ ವಾಲ್ವಿನ ಬದಲು ಬೇರೆ ಅಳತೆಯದು ಬಂತು. ಇನ್ನೊಂದು ಸಲ ಹಿಂದೆಂದೂ ಕೊಡದಷ್ಟು ಬೆಲೆ ಕೊಟ್ಟಿದ್ದರು. ನನಗಾಗಿದ್ದರೆ ಈ ವಾಲ್ವ್ ಹೋದ ವರ್ಷ ಎಷ್ಟಿತ್ತು, ಯಾರು ಕಡಿಮೆಗೆ ಕೊಡುತ್ತಾರೆ ಅಂತ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು? ಹಂಡೆ ನೋಡಿದವರೂ ಅಲ್ಲ ಅವರು. ಆದರೂ ಬಿಲ್ಲಿನ ಮೇಲೆ ಸಹಿ ಅವರದೇ. ಕಾರ್ಡುಗಳು ಕಡಿಮೆಯಾದವು, ನಿಜ. ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿದ್ದು ಸಹಿ ಹಾಕುವವರೂ ಕಡಿಮೆಯಾದರು. ಅರಣ್ಯ ಇಲಾಖೆಯ ಕಥೆಯಲ್ಲಿ ಇಲ್ಲದೆ ಹೋಗಿದ್ದೂ ಇದೇ ಅಲ್ವಾ, ಸಾಮಾನು ಗೊತ್ತಿರುವ ಇನ್ನೊಂದು ಜೊತೆ ಕಣ್ಣು? ಮಿತಿಯನ್ನು ಒಂದು ಡಾಲರಿಗೆ ಇಳಿಸಿದರೆ ಕಳ್ಳನೂ ನಿಲ್ಲುತ್ತಾನೆ, ಲ್ಯಾಬೂ ನಿಲ್ಲುತ್ತೆ. ಯಾರು ಏನು ತಗೊಂಡರು ಅನ್ನೋ ಪ್ರಶ್ನೆ ಮಾತ್ರ ಇದ್ದಲ್ಲೇ ಇರುತ್ತೆ.

ಮಾದರಿಗಳು ಉಳಿದವು. ನನ್ನ ಕಾರ್ಡೂ ಕೆಲವು ತಿಂಗಳ ಮೇಲೆ ಮರಳಿ ಜೀವ ಪಡೆಯಿತು. ಆದರೆ ಅದೇ ಫೆಬ್ರವರಿಯ ಆದೇಶದ ಇನ್ನೊಂದು ಭಾಗ ಉಳಿದುಕೊಂಡಿದೆ. ಪ್ರತಿ ಪಾವತಿಗೂ ಯಾಕೆ ಅಂತ ಲಿಖಿತ ಸಮರ್ಥನೆ ದಾಖಲಾಗಬೇಕು. ಹೊಸದೇನಲ್ಲ, ಮೇಲ್‌ನಲ್ಲಿ ಬರೆಯುತ್ತಿದ್ದುದೇ. ಈಗ ಅದಕ್ಕೊಂದು ಚೌಕ ಬಂದಿದೆ ಅಷ್ಟೇ.

ಅಕ್ಟೋಬರ್ 1ಕ್ಕೆ ಹೊಸ ಆರ್ಥಿಕ ವರ್ಷ ಶುರುವಾಯಿತು. ಬೆಲೆಯೇರಿಕೆ ಲೆಕ್ಕ ಹಾಕಿ ಮೈಕ್ರೋ ಪರ್ಚೇಸ್ ಮಿತಿಯನ್ನು 10,000ದಿಂದ 15,000 ಡಾಲರಿಗೆ ಏರಿಸಿದರು. ಅದೇ ದಿನ, ಹಣಕಾಸು ಮಸೂದೆ ಪಾಸಾಗದೆ, ಸರ್ಕಾರವೇ ಮುಚ್ಚಿತು. 43 ದಿನ. ಅಪ್ಪನಿಗೆ ಹೇಳಿದರೆ, 'ನಮ್ಮಲ್ಲಿ ಲೇಖಾನುದಾನ ಅಂತ ಒಂದಿದೆಯಲ್ಲಮ್ಮ, ಅದೂ ಇಲ್ವೇ ಅವರಿಗೆ?' ಅಂತ ಬೇಜಾರು ಮಾಡಿಕೊಂಡರು.

ಮತ್ತೆ ತೆರೆದ ಮೇಲೆ ನಾನು ಮೊದಲು ಕೊಳ್ಳೋಕೆ ಹೊರಟಿದ್ದು ಡಬ್ಬಿಗಳಿಗೆ ಅಂಟಿಸುವ ಲೇಬಲ್ಲಿನ ಒಂದು ರೋಲು. 38 ಡಾಲರ್. ಸಮರ್ಥನೆಯ ಚೌಕದಲ್ಲಿ 'ಮಾದರಿ ಡಬ್ಬಿಗಳ ಮೇಲೆ ಹೆಸರು ಬರೆಯಲು' ಅಂತ ಹಾಕಿದೆ. ಅಪ್ರೂವಿಂಗ್ ಅಧಿಕಾರಿ ಅದನ್ನು ವಾಪಸ್ ಕಳಿಸಿದ್ದಾರೆ. ಯಾವ ಡಬ್ಬಿ ಅಂತ ಬರೆದಿಲ್ಲವಂತೆ.